ಸಂಪುಟವೆಂದರೆ ಪ್ಲಾಸ್ಟಿಕ್ ಫೈಲಲ್ಲ

'ಸಂಪುಟ' ಎಂಬ ಪದಕ್ಕೆ ಪೆಟ್ಟಿಗೆ, ಭರಣಿ, ಕರಡಿಗೆ ಎಂಬ ಅರ್ಥಗಳಿವೆ. ಬೆಲೆಯುಳ್ಳ ವಸ್ತುವನ್ನು ಮೇಲಿನಿಂದಲೂ ಕೆಳಗಿನಿಂದಲೂ ಮುಚ್ಚಿ ಕಾಪಾಡುವುದು ಎಂಬುದು ಅದರ ಮೂಲಭಾವ. ಗ್ರಂಥದ ಸಂಪುಟ, ಮಂತ್ರಿಗಳ ಸಂಪುಟ ಎಂಬ ಪ್ರಯೋಗಗಳು ಆ ಮೂಲದಿಂದ ಕವಲೊಡೆದವು. ಈಚಿನ ವರ್ಷಗಳಲ್ಲಿ ಶಿಕ್ಷಣ ಇಲಾಖೆ ಈ ಪದಕ್ಕೆ ಇನ್ನೊಂದು ಕೆಲಸ ಹಚ್ಚಿದೆ. ಮಗು ಬಿಡಿಸಿದ ಚಿತ್ರ, ಬರೆದ ಬರಹ, ಮಾಡಿದ ಅಭ್ಯಾಸದ ಹಾಳೆಗಳನ್ನು ಕೂಡಿಡುವ ಕಡತಕ್ಕೆ 'ಕೃತಿ ಸಂಪುಟ' ಎಂದು ಹೆಸರಿಟ್ಟಿದೆ. 'ಕಲಿಕಾ ಚೇತರಿಕೆ' ನಡೆದ 2022-23ರಲ್ಲಿ ಈ ಮಾತು ಶಾಲೆಗಳಲ್ಲಿ ಬಹಳವಾಗಿ ಕೇಳಿಬಂತು. ಹೆಸರು ಸೊಗಸಾಗಿದೆ. ವಸ್ತು ಹೆಸರಿಗೆ ತಕ್ಕುದಾಗಿಲ್ಲ ಎಂಬುದೇ ನನ್ನ ತಕರಾರು.

ನಮ್ಮ ಕುರುಬರಹಳ್ಳಿಯ ಯಾವ ಸ್ಟೇಷನರಿ ಅಂಗಡಿಗಾದರೂ ಹೋಗಿ ಮಕ್ಕಳ ಚಿತ್ರಗಳನ್ನಿಡಲು ಏನಾದರೂ ಕೊಡಿ ಎಂದು ಕೇಳಿ ನೋಡಿ. ಬಣ್ಣಬಣ್ಣದ ಪ್ಲಾಸ್ಟಿಕ್ ಫೈಲೊಂದನ್ನು ಮುಂದಿಡುತ್ತಾರೆ. ಇಲ್ಲವೇ, "ಲ್ಯಾಮಿನೇಶನ್ ಮಾಡಿಸಿಬಿಡಿ ಸಾರ್, ಶಾಶ್ವತವಾಗಿ ಇರುತ್ತೆ" ಎನ್ನುತ್ತಾರೆ. ತಂದೆತಾಯಿಗಳಲ್ಲಿ ಕೆಲವರು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಮೂಲವನ್ನು ರದ್ದಿಗೆ ಹಾಕುತ್ತಾರೆ. ಈ ಮೂರೂ ದಾರಿಗಳು ತಪ್ಪೆಂದು ಹೇಳುವುದಕ್ಕೆ ಭಾವುಕತೆಯ ಅಗತ್ಯವಿಲ್ಲ, ಹೈಸ್ಕೂಲಿನ ವಿಜ್ಞಾನವೇ ಸಾಕು.

ಲ್ಯಾಮಿನೇಶನ್ ಎಂದರೆ ಕಾಗದಕ್ಕೆ ಪ್ಲಾಸ್ಟಿಕ್ಕನ್ನು ಬಿಸಿಯಿಂದ ಕರಗಿಸಿ ಅಂಟಿಸುವುದು. ಮೇಣದ ಬಣ್ಣದಲ್ಲಿ ಬಿಡಿಸಿದ ಚಿತ್ರವಾದರೆ ಆ ಬಿಸಿಗೆ ಬಣ್ಣವೇ ಹರಡೀತು. ಒಮ್ಮೆ ಅಂಟಿದ ಪದರವನ್ನು ಕಾಗದಕ್ಕೆ ಹಾನಿಯಾಗದಂತೆ ಬಿಡಿಸುವುದು ಅಸಾಧ್ಯವೆಂದೇ ಹೇಳಬೇಕು. ಕಾಗದದೊಳಗಿನ ಆಮ್ಲವೂ ಅಲ್ಲಿಯೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಲಕೋಟೆ ಮಳೆಗಾಲದಲ್ಲಿ ತೇವವನ್ನು ಒಳಗೇ ಹಿಡಿದಿಟ್ಟುಕೊಂಡು ಬೂಷ್ಟಿಗೆ ಎಡೆಮಾಡಿಕೊಡುತ್ತದೆ. ಇನ್ನು ಮೊಬೈಲಿನ ಫೋಟೋ, ಫೋನು ಕೆಡುವವರೆಗಿನ ಮಾತು.

ಕಾಪಾಡುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಓಲೆಗರಿಗಳನ್ನು ಎರಡು ಮರದ ಹಲಗೆಗಳ ನಡುವೆ ಜೋಡಿಸಿ, ದಾರ ಸುತ್ತಿ, ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಹಲಗೆ ಗರಿಯನ್ನು ಸೊಟ್ಟಗಾಗಲು ಬಿಡದು, ಬಟ್ಟೆ ಧೂಳನ್ನು ತಡೆದು ಗಾಳಿಯನ್ನು ಬಿಡುವುದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಬಂದ ಅಂಥದೊಂದು ಓಲೆಗರಿಯ ಪ್ರತಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಯಾರೋ ಹೆಸರಿಲ್ಲದವರು ಗರಿಗಳನ್ನು ಜೋಪಾನವಾಗಿ ಇಟ್ಟಿದ್ದರಿಂದ ತಾನೆ ಅದು ಅವರ ಕೈಗೆ ಸಿಕ್ಕಿದ್ದು?

ಮುಮ್ಮಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಮೈಸೂರಿನಲ್ಲಿ ಬೆಳೆದ ಗಂಜೀಫಾ ಎಲೆಗಳನ್ನೂ ನೆನೆಯಬಹುದು. ಅಂಗೈಯಗಲದ ಆ ಚಿತ್ರಗಳನ್ನಿಡಲು ಮರದ ಪುಟ್ಟ ಪೆಟ್ಟಿಗೆಗಳಿರುತ್ತಿದ್ದವು. ಪೆಟ್ಟಿಗೆಯ ಮೈಮೇಲೂ ಚಿತ್ರ ಬರೆಯುತ್ತಿದ್ದರು. ಚಿತ್ರ ಬಿಡಿಸುವುದು ಒಂದು ಕಸಬು, ಅದನ್ನು ಕಾಪಾಡುವುದು ಬೇರೆ ಯಾರದೋ ಕೆಲಸ ಎಂಬ ಭೇದ ಅಲ್ಲಿ ಕಾಣುವುದಿಲ್ಲ.

ಶಾಲೆಯಲ್ಲಿ ಇದನ್ನು ಮಾಡಿಸಲಾಗದೆ? ಧಾರಾಳವಾಗಿ ಮಾಡಿಸಬಹುದು. ಚಿತ್ರಕಲೆಗೆ ಮಕ್ಕಳು ಸಾಮಾನ್ಯವಾಗಿ ಬಳಸುವ ಕಾಲು ಹಾಳೆ ಸುಮಾರು 28×38 ಸೆಂ.ಮೀ. ಇರುತ್ತದೆ. ಅದಕ್ಕೆ ಒಳಅಳತೆ 29.5×39.5 ಸೆಂ.ಮೀ., ಎತ್ತರ 4 ಸೆಂ.ಮೀ. ಇರುವ ಪೆಟ್ಟಿಗೆ ಸಾಕು. 3 ಮಿ.ಮೀ. ದಪ್ಪದ ರಟ್ಟು ಬೇಕು. ಹಳೆಯ ಕ್ಯಾಲೆಂಡರಿನ ರಟ್ಟು, ಮದುವೆ ಕರೆಯೋಲೆಯ ಡಬ್ಬಗಳ ರಟ್ಟು ತೆಳುವಾದರೆ ಎರಡು ಮೂರು ಪದರ ಅಂಟಿಸಿಕೊಳ್ಳಬಹುದು. ತಳದ ಸುತ್ತ ನಾಲ್ಕು ಗೋಡೆ ನಿಲ್ಲಿಸಿ, ಮೂಲೆಗಳಿಗೆ ಬಟ್ಟೆಯ ಪಟ್ಟಿ ಅಂಟಿಸಬೇಕು. ಇದೇ ಬಗೆಯಲ್ಲಿ ಒಂದು ಸೆಂ.ಮೀ. ದೊಡ್ಡದಾದ ಮುಚ್ಚಳ ಮಾಡಿ, ಹೊರಗೆ ಬೈಂಡಿಂಗ್ ಬಟ್ಟೆ ಹೊದಿಸಿ, ಕಟ್ಟಲು ಲಾಡಿ ಇಟ್ಟರೆ ಮುಗಿಯಿತು.

ಇದರಲ್ಲಿರುವ ಪಾಠಗಳನ್ನು ಎಣಿಸಿ ನೋಡಿ. ಉದ್ದದ ಗೋಡೆಗಳು 39.5 ಸೆಂ.ಮೀ. ಇದ್ದರೆ, ಅವುಗಳ ತುದಿಗಳನ್ನೂ ಮುಚ್ಚಬೇಕಾದ ಅಗಲದ ಗೋಡೆಗಳು 29.5 ಇದ್ದರೆ ಸಾಲವು. ಎರಡೂ ಬದಿಯ ರಟ್ಟಿನ ದಪ್ಪ ಸೇರಿ 30.1 ಆಗಬೇಕು. ಗಣಿತ ಪುಸ್ತಕದ ಆಯತಘನಕ್ಕೆ ದಪ್ಪವೇ ಇರುವುದಿಲ್ಲವಾದ್ದರಿಂದ ಲೆಕ್ಕದಲ್ಲಿ ನೂರಕ್ಕೆ ನೂರು ಪಡೆದ ಹುಡುಗನೂ ಇಲ್ಲಿ ಎಡವುತ್ತಾನೆ. ಒಂದೇ ಬದಿಗೆ ಬಟ್ಟೆ ಅಂಟಿಸಿದ ರಟ್ಟು ಒಣಗುವಾಗ ಬಾಗುತ್ತದೆ. ಅಂಟಿನ ತೇವ ಆರಿದಂತೆ ಹೊದಿಕೆ ಕುಗ್ಗಿ ರಟ್ಟನ್ನು ಎಳೆಯುವುದೇ ಕಾರಣ. ಒಳಬದಿಗೂ ಕಾಗದ ಅಂಟಿಸಿ ಭಾರದಡಿ ಒಣಗಿಸಿದರೆ ಎರಡು ಎಳೆತಗಳು ಸಮವಾಗಿ ರಟ್ಟು ನೆಟ್ಟಗಿರುತ್ತದೆ. ಇದು ಭೌತಶಾಸ್ತ್ರ. ಅಗ್ಗದ ಕಂದು ರಟ್ಟಿನಲ್ಲಿಯೂ ವೃತ್ತಪತ್ರಿಕೆಯಲ್ಲಿಯೂ ಇರುವ ಆಮ್ಲವು ಪಕ್ಕದ ಹಾಳೆಗೆ ದಾಟಿ ಅದನ್ನು ಹಳದಿಗೆ ತಿರುಗಿಸುತ್ತದೆ, ಆದಕಾರಣ ಒಳಗೆ ಒಳ್ಳೆಯ ಬಿಳಿ ಕಾಗದವನ್ನೇ ಹಾಸಬೇಕು. ಇದು ರಸಾಯನಶಾಸ್ತ್ರ. ಬೈಂಡಿಂಗ್ ಕೆಲಸದವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು ಹುಳು ಬರಬಾರದೆಂದು. ಅದು ವಿಷವಾದ್ದರಿಂದ ಮಕ್ಕಳ ಕೈಗೆ ಕೊಡಬಾರದು. ಅಂದಂದು ಕಾಯಿಸಿದ ಅಂಟನ್ನು ಅಂದೇ ಬಳಸಿ, ಪೆಟ್ಟಿಗೆಯನ್ನು ಚೆನ್ನಾಗಿ ಒಣಗಿಸಿ, ಆಗಾಗ ತೆರೆದು ನೋಡುತ್ತಿದ್ದರೆ ಸಾಕು.

"ಇದಕ್ಕೆ ಸಮಯವೆಲ್ಲಿದೆ ಮೇಷ್ಟ್ರೇ?" ಎಂದು ಈಗ ಸೇವೆಯಲ್ಲಿರುವ ಮಿತ್ರರು ಕೇಳುತ್ತಾರೆ. ಅವರ ಕಷ್ಟ ನಾನು ಅರಿಯದ್ದಲ್ಲ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೇ ತರಗತಿಯವರಿಗೆ ಚೀಲವಿಲ್ಲದ 10 ದಿನಗಳನ್ನು ಸೂಚಿಸಿ, ಊರಿನ ಕುಶಲಕರ್ಮಿಗಳ ಬಳಿ ಮಕ್ಕಳು ಕಲಿಯಲೆಂದು ಹೇಳಿದೆ. ನಮ್ಮ ರಾಜ್ಯದಲ್ಲಿ ಆ ನೀತಿಯ ಬಗೆಗೆ ಎಷ್ಟೇ ವಾದವಿದ್ದರೂ, ಚೀಲವಿಲ್ಲದ ದಿನವೆಂದು 'ಸಂಭ್ರಮ ಶನಿವಾರ'ದ ಏರ್ಪಾಟನ್ನು ಇಲ್ಲಿಯೂ ಮಾಡಲಾಗಿದೆ. ಅಂಥ ಎರಡು ಶನಿವಾರಗಳು ಈ ಕೆಲಸಕ್ಕೆ ಸಾಕು. ಒಂದು ದಿನ ಕತ್ತರಿಸಿ ಜೋಡಿಸಲು, ಇನ್ನೊಂದು ದಿನ ಹೊದಿಸಲು. ಬಡಾವಣೆಯ ಬೈಂಡಿಂಗ್ ಅಂಗಡಿಯವರೊಬ್ಬರನ್ನು ಗೌರವದಿಂದ ಕರೆದು ಕೂರಿಸಿದರೆ ಅವರೇ ಅಂದಿನ ಗುರು. ಹಿತ್ತಲ ಗಿಡ ಮದ್ದಲ್ಲವೆಂಬ ಭಾವನೆಯಿಂದ ನಾವು ಅವರತ್ತ ನೋಡಿಯೇ ಇಲ್ಲ.

"ಇದಕ್ಕೆ ಅಂಕ ಉಂಟೇ?" ಎಂಬುದು ಪೋಷಕರ ಪ್ರಶ್ನೆ. ಇಲ್ಲ, ಇರಲೂ ಬಾರದು. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕಸುಬನ್ನೇ ಶಿಕ್ಷಣದ ನಡುಗಂಬವಾಗಿಸಬೇಕೆಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ'ವೆಂಬ ಹೆಸರಿನಲ್ಲಿ ಅದನ್ನು ಶಾಲೆಗಳಿಗೆ ಮತ್ತೆ ತಂದಿತು. ಅಂಕವೆಂಬುದು ಅದಕ್ಕೆ ಅಂಟಿಕೊಂಡ ಮೇಲೆ ಆದದ್ದೇನು? ಅಂಗಡಿಯಲ್ಲಿ ಸಿದ್ಧವಸ್ತು ಕೊಂಡು ತಂದೊಪ್ಪಿಸಿದ ಮಗುವಿಗೆ 'ಎ', ಸ್ವಂತ ಕೈಯಿಂದ ಸೊಟ್ಟಗೆ ಮಾಡಿದ ಮಗುವಿಗೆ 'ಸಿ'. ಇಂದಿನ 'ಪ್ರಾಜೆಕ್ಟ್'ಗಳ ಕಥೆಯೂ ಅದೇ. ಅಮ್ಮ ಅಂಟಿಸುತ್ತಾಳೆ, ಅಪ್ಪ ಪ್ರಿಂಟ್ ತರುತ್ತಾನೆ, ಮಗು ಹೆಸರು ಬರೆಯುತ್ತದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಪೆಟ್ಟಿಗೆಯ ಆ ನಾಲ್ಕು ಸೆಂ.ಮೀ. ಎತ್ತರವನ್ನು ಕುರಿತು. ಬಿಡಿಸಿದ್ದೆಲ್ಲವೂ ಅದರಲ್ಲಿ ಹಿಡಿಸುವುದಿಲ್ಲ. ವರ್ಷಕ್ಕೊಮ್ಮೆ ಮಗು ತನ್ನ ಚಿತ್ರಗಳನ್ನೆಲ್ಲ ಹರಡಿಕೊಂಡು ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತಾನೇ ನಿರ್ಧರಿಸಬೇಕಾಗುತ್ತದೆ. ಇಲಾಖೆಯ ಕೃತಿ ಸಂಪುಟದಲ್ಲಿ ಈ ಅಧಿಕಾರ ಶಿಕ್ಷಕರ ಕೈಗೆ ಹೋಗಿಬಿಡುತ್ತದೆ. ತಪಾಸಣೆಗೆ ಬರುವವರಿಗೆ ಚೆನ್ನಾಗಿ ಕಾಣುವಂಥದು ಮಾತ್ರ ಒಳಗೆ ಸೇರುತ್ತದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಹುಮಾನ ಬಂದ ಭಾರತಾಂಬೆಯ ಚಿತ್ರವನ್ನು ಹೊರಗಿಟ್ಟು, ತನ್ನ ಅಜ್ಜಿ ಅವರೆಕಾಯಿ ಬಿಡಿಸುತ್ತ ಕೂತಿರುವ ಅರೆಬರೆ ಚಿತ್ರವನ್ನು ಒಳಗಿಟ್ಟುಕೊಂಡರೆ ಅದನ್ನು ಪ್ರಶ್ನಿಸುವ ಹಕ್ಕು ನಮಗಿಲ್ಲ. ತನ್ನ ಕೆಲಸದ ಬೆಲೆಯನ್ನು ತಾನೇ ಕಟ್ಟಲು ಕಲಿಯುವುದಕ್ಕಿಂತ ದೊಡ್ಡ ಮೌಲ್ಯಮಾಪನ ನನ್ನ ಬಿ.ಎಡ್. ಪುಸ್ತಕಗಳಲ್ಲಿಯೂ ಇರಲಿಲ್ಲ.

ಆದ್ದರಿಂದ ಇಲಾಖೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ಕೃತಿ ಸಂಪುಟಕ್ಕೆ ಫೈಲು ಕೊಳ್ಳುವ ಹಣದಲ್ಲಿ ರಟ್ಟು, ಬಟ್ಟೆ, ಮೈದಾ ಕೊಡಿಸಿ. ಪೆಟ್ಟಿಗೆಯನ್ನು ಮಗುವೇ ಮಾಡಲಿ, ಶಾಲೆ ಬಿಡುವ ದಿನ ಅದನ್ನು ತನ್ನೊಡನೆ ಮನೆಗೆ ಒಯ್ಯಲಿ. ಅದರ ಮೇಲೆ ಶಾಲೆಯ ಮೊಹರು ಬೇಡ, ಮಗುವಿನ ಹೆಸರಿದ್ದರೆ ಸಾಕು. ಪೋಷಕರಲ್ಲಿಯೂ ಒಂದು ಕೋರಿಕೆಯುಂಟು. ಚಿತ್ರವನ್ನು ಲ್ಯಾಮಿನೇಶನ್ ಅಂಗಡಿಗೆ ಒಯ್ಯುವ ಮುನ್ನ, ಅದನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಬಿಡಿಸಿದವರನ್ನೇ ಒಂದು ಮಾತು ಕೇಳಿ.