ಹುಲಿಗಿಂತ ಮೊದಲು ತಾಸೆ

ಚೀನಾದ ಕಾಡುಗಳಲ್ಲಿ ಸಿಂಹ ಇರಲಿಲ್ಲ. ಪಶ್ಚಿಮದ ರಾಜ್ಯಗಳಿಂದ ಚಕ್ರವರ್ತಿಗಳಿಗೆ ಕಾಣಿಕೆಯಾಗಿ ಬಂದ ಕೆಲವನ್ನು ಬಿಟ್ಟರೆ ಅಲ್ಲಿನ ಜನ ಆ ಪ್ರಾಣಿಯನ್ನು ಕಣ್ಣಾರೆ ಕಂಡದ್ದೇ ಕಡಿಮೆ. ಆದರೂ ಸಿಂಹದ ಕುಣಿತ ಅಂದ ಕೂಡಲೇ ಇವತ್ತು ಎಲ್ಲರಿಗೂ ನೆನಪಾಗೋದು ಚೀನೀಯರೇ. ನಮ್ಮ ಬೇ ಏರಿಯಾದಲ್ಲಂತೂ ಅವರ ಹೊಸ ವರ್ಷ ಬಂತೆಂದರೆ ಅಂಗಡಿ, ಹೋಟೆಲ್, ಮಾಲ್ ಮುಂದೆಲ್ಲ ಕೆಂಪು, ಹಳದಿ ಸಿಂಹಗಳು. ಒಂದೊಂದು ಸಿಂಹದೊಳಗೆ ಇಬ್ಬರು, ತಲೆಗೆ ಒಬ್ಬ, ಬೆನ್ನಿಗೆ ಒಬ್ಬ. ಪಕ್ಕದಲ್ಲಿ ದೊಡ್ಡ ಡೋಲು, ತಾಳ, ಜಾಗಟೆ. ಡೋಲಿನವರು ಸಿಂಹದ ತಲೆಯ ಮೇಲೇ ಕಣ್ಣಿಟ್ಟಿರುತ್ತಾರೆ. ಸಿಂಹ ಬಾಗಿಲಲ್ಲಿ ನೇತುಹಾಕಿದ ಸೊಪ್ಪಿನ ಕಡೆ ಅನುಮಾನದಿಂದ ಹೆಜ್ಜೆ ಇಟ್ಟರೆ ಪೆಟ್ಟು ಮೆಲ್ಲಗಾಗುತ್ತೆ. ಸೊಪ್ಪು ತಿಂದು ಉಗುಳಿದರೆ ಡೋಲು ಸಿಡಿಯುತ್ತೆ. ಸೊಪ್ಪಿನ ಜೊತೆ ಕಟ್ಟಿದ ಕೆಂಪು ಲಕೋಟೆಯ ದುಡ್ಡು ತಂಡಕ್ಕೆ, ಹರಡಿದ ಎಲೆ ಅಂಗಡಿಯವರಿಗೆ ಶುಭ. ಹೊಸ ಸಿಂಹದ ತಲೆ ತಂದರೆ ಮೊದಲು ಅದರ ಕಣ್ಣಿಗೆ ಬಣ್ಣದ ಚುಕ್ಕೆ ಇಟ್ಟು ಎಬ್ಬಿಸುವ ಶಾಸ್ತ್ರವೂ ಉಂಟು.

ಇದನ್ನು ಯಾಕೆ ಹೇಳುತ್ತಿದ್ದೇವೆ ಅಂದರೆ, ನಮ್ಮ ಸಂಘದಲ್ಲಿ ಈಗ ಹುಲಿವೇಷದ ಮಾತು ನಡೆಯುತ್ತಿದೆ. ಬರುವ ವರ್ಷದ ರಾಜ್ಯೋತ್ಸವಕ್ಕೆ ಹುಲಿ ಕುಣಿಸಬೇಕು ಅನ್ನುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ಪ್ರಶ್ನೆ ದುಡ್ಡಿನದು. ಇರುವ ಸ್ವಲ್ಪ ಹಣದಲ್ಲಿ ಎಂಟು ಹುಲಿ ಡ್ರೆಸ್ ತರಿಸಿ, ಸಿನಿಮಾದ ಟ್ರ್ಯಾಕ್ ಹಾಕಿ ಕುಣಿಯೋಣವೇ? ಅಥವಾ ಊರಿಂದ ಎರಡು ತಾಸೆ, ಒಂದು ಡೋಲು ತರಿಸಿ, ಬಾರಿಸೋದನ್ನು ಕಲಿತು, ಎರಡೇ ಹುಲಿ ಇಳಿಸೋಣವೇ? ನಮ್ಮ ಓಟು ತಾಸೆಗೆ. ಯಾಕೆ ಅನ್ನೋದನ್ನು ಇಲ್ಲಿ ಹೇಳುತ್ತೇವೆ.

ಹೊಯ್ಸಳರ ಸಳ ಹೊಡೆದದ್ದು ಹುಲಿಯನ್ನೋ ಸಿಂಹವನ್ನೋ ಎಂಬ ವಾದ ಇನ್ನೂ ಮುಗಿದಿಲ್ಲ. ನಮ್ಮ ಬೀದಿಯಲ್ಲಿ ಕುಣಿಯೋದು ಮಾತ್ರ ಹುಲಿಯೇ. ಕರಾವಳಿಯಲ್ಲಿ ತುಳುವರು ಇದನ್ನು ಪಿಲಿವೇಷ, ಪಿಲಿ ನಲಿಕೆ ಅನ್ನುತ್ತಾರೆ. ಉಡುಪಿಯಲ್ಲಿ ಕೃಷ್ಣಾಷ್ಟಮಿ, ವಿಟ್ಲಪಿಂಡಿಗೆ ಹುಲಿ ಇಳಿಯುತ್ತೆ, ಮಂಗಳೂರಲ್ಲಿ ನವರಾತ್ರಿಗೆ. ಹುಲಿ ಅಮ್ಮನವರ ವಾಹನ ಅನ್ನುವ ನಂಬಿಕೆ ಇದರ ಬೆನ್ನಿಗಿದೆ. ಮಗುವಿಗೆ ಕಾಯಿಲೆ ಬಂದಾಗ "ಗುಣವಾದರೆ ಹುಲಿವೇಷ ಹಾಕಿಸ್ತೇವೆ" ಅಂತ ಹರಕೆ ಹೊತ್ತ ತಂದೆತಾಯಿಗಳು ಎಷ್ಟೋ ಜನ. ಬೀದಿಯಲ್ಲಿ ದೊಡ್ಡ ಹುಲಿಗಳ ಜೊತೆ ಮರಿಹುಲಿಗಳು ಕಾಣಿಸೋದಕ್ಕೆ ಒಂದು ಕಾರಣ ಇದು.

ವೇಷಕ್ಕೆ ಮೊದಲು ಊದು ಪೂಜೆ. ಹುಲಿಯ ತಲೆ, ಬಣ್ಣ, ವಾದ್ಯ ಎಲ್ಲವನ್ನೂ ದೇವರ ಮುಂದೆ ಇಟ್ಟು ಧೂಪದ ಹೊಗೆ ಹಾಕುತ್ತಾರೆ. ಆಮೇಲೆ ಬಣ್ಣ. ಮೈಗೆಲ್ಲ ಒಂದು ಬಣ್ಣ ಬಳಿದು, ಅದು ಒಣಗಿದ ಮೇಲೆ ಪಟ್ಟೆ ಎಳೀಬೇಕು. ಅಷ್ಟೂ ಹೊತ್ತು ಕೈ ಅಗಲಿಸಿ ಕೋಲು ಹಿಡಿದು ನಿಂತೇ ಇರಬೇಕು. ಕೂರುವ ಹಾಗಿಲ್ಲ, ಒರಗುವ ಹಾಗಿಲ್ಲ. ಗಂಟೆಗಟ್ಟಲೆ ಹಿಡಿಯುವ ಕೆಲಸ. ಪಟ್ಟೆ ಹುಲಿ, ಚಿಟ್ಟೆ ಹುಲಿ, ಕಪ್ಪು ಹುಲಿ ಎಂದು ಬಗೆಗಳು. ಜೊತೆಗೆ ಕೋವಿ ಹಿಡಿದ ಬೇಟೆಗಾರ. ಮೊದಲ ಕುಣಿತ ದೇವರ ಎದುರು, ನಂತರ ಮನೆ, ಅಂಗಡಿ, ಬೀದಿ. ನೆಲದ ಮೇಲಿಟ್ಟ ನೋಟನ್ನು ಬಾಯಲ್ಲಿ ಎತ್ತೋದು, ತಾಯಿಹುಲಿ ಮರಿಯನ್ನು ನೆಕ್ಕೋದು, ಲಾಗ ಹಾಕೋದು, ಕೊನೆಗೆ ಹುಲ್ಲಿನಲ್ಲಿ ಬಿಗಿದ ಅಕ್ಕಿ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಎಸೆಯೋದು.

ಇಷ್ಟೆಲ್ಲ ನಿಂತಿರೋದು ತಾಸೆಯ ಮೇಲೆ. ಕೊರಳಿಗೆ ನೇತುಹಾಕಿ ಎರಡು ಸಪೂರ ಕಡ್ಡಿಯಲ್ಲಿ ಬಡಿಯುವ ಚಿಕ್ಕ ವಾದ್ಯ ಅದು. ಡೋಲು ಕೆಳಗಿನ ಗಟ್ಟಿ ಪೆಟ್ಟು ಕೊಡುತ್ತೆ, ತಾಸೆ ಮೇಲೆ ಸಿಡಿಯುತ್ತೆ. ನಿಧಾನದ ಪೆಟ್ಟಿಗೆ ಒಂದು ಹೆಜ್ಜೆ, ಬಿರುಸಿಗೆ ಇನ್ನೊಂದು. ಹುಲಿ ದಣಿದದ್ದು ತಾಸೆಯವರಿಗೆ ಗೊತ್ತಾಗುತ್ತೆ, ಅವರು ಸ್ವಲ್ಪ ಸಡಿಲ ಬಿಡುತ್ತಾರೆ. ಮುಡಿ ಎತ್ತಲು ಹುಲಿ ಬಗ್ಗಿದರೆ ಪೆಟ್ಟು ಒತ್ತೊತ್ತಾಗುತ್ತೆ, ಮುಡಿ ಮೇಲೆದ್ದ ಕ್ಷಣಕ್ಕೆ ಸರಿಯಾಗಿ ಬಿಡುಗಡೆ. ನಮ್ಮಂಥ ಇಂಜಿನಿಯರಿಂಗ್ ಓದಿದವರ ಭಾಷೆಯಲ್ಲಿ ಹೇಳೋದಾದರೆ ತಾಸೆ ಮತ್ತು ಹುಲಿ ಸೇರಿ ಒಂದು ಕ್ಲೋಸ್ಡ್ ಲೂಪ್. ಸ್ಪೀಕರಿನಲ್ಲಿ ಬರುವ ಟ್ರ್ಯಾಕ್ ಓಪನ್ ಲೂಪ್. ಹುಲಿ ಜಾರಿ ಬಿದ್ದರೂ ಅದು ತನ್ನ ಪಾಡಿಗೆ ಓಡುತ್ತೆ, ಯಾಕೆಂದರೆ ಅದಕ್ಕೆ ಹುಲಿ ಕಾಣಿಸಲ್ಲ.

ವಿದೇಶದ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಹುಲಿಗೆ ಸಿಗೋದು ನಾಲ್ಕೈದು ನಿಮಿಷ. ಹಾಡು ಶುರು, ಎಂಟು ಜನ ಸಾಲಾಗಿ ಒಂದೇ ಹೆಜ್ಜೆ, ಹಾಡು ಮುಗೀತು, ಚಪ್ಪಾಳೆ, ಮುಂದಿನ ಐಟಂ. ಇದರಲ್ಲಿ ಖುಷಿ ಇಲ್ಲ ಅಂತಲ್ಲ. 2014ರ 'ಉಳಿದವರು ಕಂಡಂತೆ', 2021ರ 'ಗರುಡ ಗಮನ ವೃಷಭ ವಾಹನ' ಬಂದ ಮೇಲೆ ಮೈಸೂರು, ಹಾಸನ, ಬೆಂಗಳೂರು ಕಡೆಯ ನಮ್ಮಂಥ ಎಷ್ಟೋ ಜನಕ್ಕೆ ಹುಲಿವೇಷದ ಹುಚ್ಚು ಹತ್ತಿದ್ದು ನಿಜ. ಅದು ಒಳ್ಳೆಯದೇ. ಆದರೆ ಸಿನಿಮಾ ನಮಗೆ ತೋರಿಸಿದ್ದು ಹುಲಿಯನ್ನು. ಕ್ಯಾಮೆರಾ ತಾಸೆಯವರ ಮೇಲೆ ನಿಲ್ಲೋದು ಕಡಿಮೆ. ವಾಟ್ಸಾಪಿನಲ್ಲಿ ಓಡಾಡುವ ವಿಡಿಯೋಗಳಲ್ಲೂ ಹುಲಿಯ ಹೆಸರು ಇರುತ್ತೆ, ಬಾರಿಸಿದವರ ಹೆಸರು ಹುಡುಕಬೇಕು. ನಾವೂ ಡ್ರೆಸ್ ಮಾತ್ರ ತರಿಸಿಕೊಂಡರೆ ಅದೇ ಮರೆವನ್ನು ಕಡಲು ದಾಟಿಸಿದ ಹಾಗೆ.

ಇದಕ್ಕೆ ಎದುರು ಮಾತುಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, "ನಾವು ಇಲ್ಲಿರೋದೇ ಎರಡು ವರ್ಷ. ಅಸೈನ್‌ಮೆಂಟು, ಇಂಟರ್ನ್‌ಶಿಪ್ಪು, ವೀಸಾ ಚಿಂತೆ. ಇದರ ನಡುವೆ ತಾಸೆ ಯಾವಾಗ ಕಲಿಯೋದು?" ನ್ಯಾಯವಾದ ಮಾತು. ಇದಕ್ಕೆ ಉತ್ತರ ನಮ್ಮ ಅಕ್ಕಪಕ್ಕದಲ್ಲೇ ಇದೆ. ಜಪಾನಿನ ತೈಕೊ ಡೋಲು ಈ ಕಡೆ ಬೇರು ಬಿಟ್ಟಿದ್ದು 1968ರಲ್ಲಿ ಸೈಇಚಿ ತನಾಕ ಅವರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಲಿಸಲು ತೊಡಗಿದಾಗ. 1973ರಲ್ಲಿ ಸ್ಯಾನ್ ಹೊಸೆಯಲ್ಲಿ ಜಪಾನೀ ಅಮೆರಿಕನ್ ಯುವಜನರು ತಮ್ಮದೇ ತೈಕೊ ತಂಡ ಕಟ್ಟಿದರು. ಜಪಾನಿನಲ್ಲಿ ಒಂದೇ ಮರದ ದಿಮ್ಮಿ ಕೊರೆದು ಮಾಡುವ ಡೋಲು ಇಲ್ಲಿ ಕೈಗೆಟುಕಲಿಲ್ಲ. ಅದಕ್ಕೆ ಕ್ಯಾಲಿಫೋರ್ನಿಯಾದವರು ಹಳೆಯ ವೈನ್ ಪೀಪಾಯಿಗೆ ಚರ್ಮ ಬಿಗಿದು ತೈಕೊ ಮಾಡಿಕೊಂಡರು. 1992ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಿದ್ಯಾರ್ಥಿಗಳೇ ತೈಕೊ ತಂಡ ಶುರು ಮಾಡಿದರು. ಅಂದಿನ ವಿದ್ಯಾರ್ಥಿಗಳಿಗೆ ಈಗ ಐವತ್ತರ ಆಸುಪಾಸು. ತಂಡ ಮಾತ್ರ ಇನ್ನೂ ಇದೆ. ಜನ ಹೋದರೂ ಡೋಲು ಅಲ್ಲೇ ಉಳಿಯುತ್ತೆ, ಹಿರಿಯರು ಕಿರಿಯರಿಗೆ ಕಲಿಸಿ ಹೋಗುತ್ತಾರೆ. ಎರಡು ವರ್ಷದಲ್ಲಿ ಹೊರಟುಹೋಗುವ ನಮಗೆ ಇದಕ್ಕಿಂತ ಒಳ್ಳೆ ಮಾದರಿ ಬೇಕೇ? ಡ್ರೆಸ್ ಒಬ್ಬರ ಅಳತೆಗೆ ಹೊಲಿದದ್ದು, ಎರಡು ಸಲ ಒಗೆದರೆ ಪಟ್ಟೆ ಮಾಸುತ್ತೆ. ತಾಸೆ ಹತ್ತು ಬ್ಯಾಚಿಗೆ ಬರುತ್ತೆ.

ಎರಡನೆಯದು ಸದ್ದು. ಪ್ಲೆಸೆಂಟನ್ ಹೆಸರಿಗೆ ತಕ್ಕ ಹಾಗೆ ಶಾಂತ ಊರು. ಅಪಾರ್ಟ್‌ಮೆಂಟಿನಲ್ಲಿ ಕುಕ್ಕರ್ ಮೂರು ಸಲ ಕೂಗಿದರೂ ಪಕ್ಕದ ಮನೆಯವರು ಏನಂದುಕೊಂಡಾರೋ ಅನ್ನಿಸುತ್ತೆ, ಇನ್ನು ತಾಸೆ! ಆದರೆ ಬೆರಳು, ಮಣಿಕಟ್ಟಿನ ಪಾಠ ರಬ್ಬರ್ ಪ್ಯಾಡಿನ ಮೇಲೂ ಆಗುತ್ತೆ. ಡ್ರಮ್ಸ್ ಕಲಿಯುವವರು ಮಾಡೋದೇ ಹಾಗೆ. ತಿಂಗಳಿಗೆ ಎರಡು ಸಲ ಹಗಲು ಹೊತ್ತು ಅನುಮತಿ ಪಡೆದ ಜಾಗದಲ್ಲಿ ನಿಜವಾದ ವಾದ್ಯ ಬಾರಿಸಿದರೆ ಸಾಕು. ಸಿಂಹದವರೂ ತೈಕೊದವರೂ ಇದೇ ಕಾನೂನಿನೊಳಗೆ ಬದುಕುತ್ತಿದ್ದಾರೆ.

ಮೂರನೆಯದು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಪ್ರಶ್ನೆ: "ಇದು ತುಳುನಾಡಿನ ಆಚರಣೆ. ಬಯಲುಸೀಮೆಯವರು ನೀವು ಯಾರು ಕುಣಿಯೋಕೆ?" 2022ರಲ್ಲಿ 'ಕಾಂತಾರ' ಬಂದ ಮೇಲೆ ಅಲ್ಲಲ್ಲಿ ವೇದಿಕೆಯ ಮೇಲೆ ದೈವದ ವೇಷ ಹಾಕಿದಾಗ ತುಳುವರು ನೊಂದುಕೊಂಡು ಆಕ್ಷೇಪಿಸಿದರು. ಆ ಆಕ್ಷೇಪ ಸರಿ ಅಂತಲೇ ನಾವು ತಿಳಿಯುತ್ತೇವೆ. ಕೋಲ ಪ್ರದರ್ಶನ ಅಲ್ಲ. ಅಲ್ಲಿ ಬರುವುದು ದೈವ. ಪಿಲಿಚಾಮುಂಡಿಗೂ ಬೀದಿಯ ಪಿಲಿವೇಷಕ್ಕೂ ಇರುವ ಅಂತರ ಊರಿನವರಿಗೆ ಚೆನ್ನಾಗಿ ಗೊತ್ತು. ಹುಲಿವೇಷ ಹರಕೆಯೂ ಹೌದು, ಆಟವೂ ಹೌದು. ಬೀದಿಯಲ್ಲಿ ಎಲ್ಲರ ಎದುರು ಕುಣಿಯುವಂಥದ್ದು. ಅಲ್ಲದೆ ಹುಲಿ ಕರಾವಳಿಯದ್ದು ಮಾತ್ರವೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಮೊಹರಂಗೆ ಅಲಾಯಿ ದೇವರ ಮುಂದೆ ಹರಕೆ ಹೊತ್ತವರು ಹುಲಿವೇಷ ಹಾಕಿ ಹಲಗೆಯ ಪೆಟ್ಟಿಗೆ ಕುಣಿಯುತ್ತಾರೆ. ಅದರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ಹಾಗಾಗಿ ನಮ್ಮ ಸಂಘದ ರಾಯಚೂರಿನವರಿಗೂ ಉಡುಪಿಯವರಿಗೂ ಹುಲಿಯ ಮೇಲೆ ಸಮ ಹಕ್ಕಿದೆ. ಆದರೆ ಹಕ್ಕಿನ ಜೊತೆ ಕಲಿಯುವ ಹೊಣೆಯೂ ಬರುತ್ತೆ. ಕರಾವಳಿಯ ಹುಲಿ ಕುಣಿಸೋದಾದರೆ ಕರಾವಳಿಯವರನ್ನು ಕೇಳಿ, ಅವರ ಪೆಟ್ಟನ್ನು ಅವರಿಂದಲೇ ಕಲಿತು ಕುಣಿಸಬೇಕು. ಹಾಗೆ ಕಲಿತರೆ "ನೀವು ಯಾರು" ಅನ್ನುವ ಪ್ರಶ್ನೆಗೆ ಕೊಡಲು ನಮ್ಮ ಕೈಯಲ್ಲಿ ಒಂದು ಉತ್ತರ ಇರುತ್ತೆ.

ನಾಲ್ಕನೆಯದು, "ಮಂಗಳೂರಲ್ಲೇ ಎಲ್ಲ ಬದಲಾಗಿದೆ, ನಿಮ್ಮದೇನು ಹಟ?" ಹೌದು, ಬದಲಾಗಿದೆ. ಕುಂಚದ ಜಾಗದಲ್ಲಿ ಸ್ಪ್ರೇ ಬಂದಿದೆ. ಬೀದಿಯ ಹುಲಿಗೆ ಸ್ಪರ್ಧೆ, ವೇದಿಕೆ, ಬಹುಮಾನ, ತೀರ್ಪುಗಾರರು ಬಂದಿದ್ದಾರೆ. ಆದರೆ ಆ ಸ್ಪರ್ಧೆಗಳಲ್ಲೂ ತಾಸೆ ಹೋಗಿಲ್ಲ. ಏನು ಬಿಡಬಹುದು, ಏನು ಬಿಡಬಾರದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಎನಾಮಲ್ ಪೇಂಟ್ ಮೈಗೆ ಬಳಿದು ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುವ ಪಾಡು ಇಲ್ಲಿ ಯಾರಿಗೂ ಬೇಡ. ಚರ್ಮಕ್ಕೆ ಹಿತವಾದ ಬಣ್ಣ ಸಾಕು, ಮುಖಕ್ಕೆ ಮಾತ್ರ ಆದರೂ ಸಾಕು. ಅಕ್ಕಿ ಮುಡಿ ಹಲ್ಲಿನಲ್ಲಿ ಎತ್ತೋದಂತೂ ಖಂಡಿತ ಬೇಡ, ಇಲ್ಲಿನ ದಂತವೈದ್ಯರ ಬಿಲ್ಲು ನಮಗೆ ಗೊತ್ತು. ಸಭಾಂಗಣದೊಳಗೆ ಧೂಪ ಹಾಕಿದರೆ ಫೈರ್ ಅಲಾರಂ ಕೂಗುತ್ತೆ. ಹೊರಗಡೆ ಅನುಮತಿ ಇರುವಲ್ಲಿ ಎರಡು ಕಡ್ಡಿ ಹಚ್ಚಿ, ವಾದ್ಯಕ್ಕೆ ಕೈ ಮುಗಿದು ಒಳಗೆ ಬರೋಣ. ಅಷ್ಟಾದರೂ ಇದ್ದರೆ ಕುಣಿಯುವವರಿಗೆ ತಾವು ಐಟಂಗಿಂತ ಹಳೆಯದೊಂದಕ್ಕೆ ಮೈ ಕೊಡುತ್ತಿದ್ದೇವೆ ಅನ್ನೋದು ಗೊತ್ತಾಗುತ್ತೆ.

ಇನ್ನೊಂದನ್ನೂ ಬಿಡಬಾರದು ಅನ್ನಿಸುತ್ತೆ. ಹುಲಿ ಮನೆಮನೆಗೆ ಹೋಗಿ ದುಡ್ಡು ಎತ್ತುತ್ತೆ. ಉಡುಪಿ ಬಳಿಯ ರವಿ ಕಟಪಾಡಿ ಅವರು ಅಷ್ಟಮಿಗೆ ಬೇರೆ ಬೇರೆ ವೇಷ ಹಾಕಿ, ಸಂಗ್ರಹವಾದ ಹಣವನ್ನು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಕೊಡುತ್ತಾ ಬಂದಿದ್ದಾರೆ. ನಮ್ಮ ಹುಲಿಯ ಮುಂದೆಯೂ ಒಂದು ತಟ್ಟೆ ಇರಲಿ. ಬಂದದ್ದರಲ್ಲಿ ಒಂದು ಪಾಲು ನಮಗೆ ಪೆಟ್ಟು ಕಲಿಸುವ ಊರಿನ ತಾಸೆಯವರಿಗೆ ಗುರುದಕ್ಷಿಣೆ, ಉಳಿದದ್ದು ಊರಿನ ಯಾವುದಾದರೂ ಮಗುವಿನ ಚಿಕಿತ್ಸೆಗೆ. ವಿಡಿಯೋ ಕಾಲ್‌ನಲ್ಲಿ ಕಲಿಸಿದರೂ ಗುರು ಗುರುವೇ. ಅವರ ಹೆಸರು ಕಾರ್ಯಕ್ರಮದ ಪಟ್ಟಿಯಲ್ಲಿ ಹುಲಿಗಳ ಹೆಸರಿಗಿಂತ ಮೇಲೆ ಬರಲಿ.

ಚೀನೀಯರ ವಿಷಯಕ್ಕೆ ಬಂದರೆ, 1882ರಲ್ಲಿ ಈ ದೇಶ ಕಾನೂನು ಮಾಡಿ ಚೀನೀ ಕಾರ್ಮಿಕರು ಒಳಗೆ ಬಾರದಂತೆ ಬಾಗಿಲು ಹಾಕಿತು. ಅದು ರದ್ದಾಗಿದ್ದು 1943ರಲ್ಲಿ. ಅರವತ್ತೊಂದು ವರ್ಷ ಹೊಸಬರು ಬರೋದೇ ಕಷ್ಟವಾಗಿದ್ದ ಕಾಲವನ್ನೂ ದಾಟಿ ಅವರ ಸಿಂಹ ಇವತ್ತು ಸ್ಯಾನ್ ಫ್ರಾನ್ಸಿಸ್ಕೊದ ಬೀದಿಯಲ್ಲಿ ಕುಣಿಯುತ್ತಿದೆ. ಈಗ ಡೋಲು ಬಾರಿಸುವ ಮಕ್ಕಳಲ್ಲಿ ಚೀನೀ ಭಾಷೆ ಸರಿಯಾಗಿ ಬಾರದವರೂ ಇರುತ್ತಾರೆ, ಆದರೆ ಪೆಟ್ಟು ತಪ್ಪಲ್ಲ. ನಮ್ಮ ಕನ್ನಡ, ತುಳು ಮನೆಗಳಲ್ಲಿ ಹುಟ್ಟಿದ ಇಲ್ಲಿನ ಮಕ್ಕಳಿಗೂ ಭಾಷೆ ಪೂರ್ತಿ ದಕ್ಕುತ್ತೋ ಇಲ್ಲವೋ ಅನ್ನೋ ಆತಂಕ ಎಲ್ಲರಿಗೂ ಇದೆ. ಒಂದು ಪೆಟ್ಟಾದರೂ ದಕ್ಕಲಿ. ಪೆಟ್ಟಿನ ಹೆಸರು ಕೇಳುವ ನೆಪದಲ್ಲಿ ನಾಲ್ಕು ಮಾತೂ ಬರುತ್ತೆ.

ಆದ್ದರಿಂದ ನಮ್ಮ ಸೂಚನೆ ಇಷ್ಟು. ಎರಡು ತಾಸೆ, ಒಂದು ಡೋಲು ಸಂಘದ ಆಸ್ತಿಯಾಗಿ ಬರಲಿ. ಒಂದು ವರ್ಷ ಬರೀ ಬಾರಿಸೋದನ್ನು ಕಲಿಯೋಣ. ಪೆಟ್ಟು ನಿಂತ ಮೇಲೆ ಎರಡು ಹುಲಿ ಇಳಿಯಲಿ, ಮುಂದಿನ ವರ್ಷ ನಾಲ್ಕಾಗಲಿ. ಹುಲಿ ಆಗೋಕೆ ಯಾರು ರೆಡಿ ಅಂತ ಗ್ರೂಪಿನಲ್ಲಿ ಕೇಳಿದರೆ ಐದು ನಿಮಿಷದಲ್ಲಿ ಇಪ್ಪತ್ತು ಕೈ ಮೇಲೇಳುತ್ತೆ, ಅದು ನಮಗೆ ಗೊತ್ತು. ಬೇಕಾಗಿರೋದು ಮೂಲೆಯಲ್ಲಿ ನಿಂತು ಹುಲಿಯನ್ನೇ ನೋಡುತ್ತಾ ಬಾರಿಸುವ ಮೂವರು. ಈ ಪುಸ್ತಿಕೆ ಓದಿ ಮುಗಿಸಿದವರಲ್ಲಿ ಆ ಮೂವರು ಇದ್ದರೆ ದಯವಿಟ್ಟು ಮೊದಲು ಹೆಸರು ಕೊಡಿ.