ಹರಾಜಿನ ಗಾಡಿ

"ಆಪಾ, ಗಾಡಿ ಭಾಳ ಛಲೋ ಐತಿ. ಇವತ್ತ ಪೂರಾ ರೊಕ್ಕ ಕಟ್ಟಿದ್ರ ಹತ್ತು ಸಾವಿರ ಬಿಡ್ತಾರಂತ. ನನ್ನ ಪಾಟ್ಲಿ ಮಾರಲೇನು?"

ಮಲ್ಲಸಮುದ್ರದಿಂದ ತಂಗಿ ಫೋನ್ ಮಾಡಿದಾಗ ನನಗೆ ಗಾಬರಿಯೇ ಆಯಿತು. ಉಳ್ಳಾಗಡ್ಡಿ, ಮೆಣಸಿನಕಾಯಿಯನ್ನು ಗದಗದ ಮಾರುಕಟ್ಟೆಗೆ ಸಾಗಿಸಲು ಅವಳ ಯಜಮಾನರಿಗೆ ಸಣ್ಣ ಗೂಡ್ಸ್ ಗಾಡಿ ಬೇಕಿತ್ತು. ಬಡ್ಡಿಯ ಸಾಲ ಬೇಡವೆಂಬುದು ಇಬ್ಬರ ಹಟ. ಕಂತು ನಿಂತ ಗಾಡಿಯನ್ನು ಫೈನಾನ್ಸ್‌ನವರು ಹರಾಜು ಹಾಕಿದ್ದರು. ಡೀಲರ್ ಒಬ್ಬರು ಅದನ್ನು ಹಿಡಿದು ಮಾರಾಟಕ್ಕಿಟ್ಟಿದ್ದರು.

ಹರಾಜೆಂದರೆ ಮೂಗು ಮುರಿಯಬೇಕಿಲ್ಲ. ಬೇಡಲು ಬಂದ ಬಡ ಅನ್ಸಾರಿಯೊಬ್ಬರ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿ(ಸ)ರೇ ಸವಾಲು ಕೂಗಿ ಎರಡು ದಿರ್ಹಮಿಗೆ ಮಾರಿದರು. ಒಂದು ದಿರ್ಹಮ್ ಮನೆಯ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಡಲಿಗೆ ಕಾವು ಹಾಕಿದ್ದೂ ಅವರ ಕೈಯೇ. ಈ ಘಟನೆ ಅಬೂದಾವೂದ್‌ನಲ್ಲಿದೆ. ಆದರೆ ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲೆಂದೇ ಸವಾಲು ಕೂಗುವ 'ನಜಶ್' ಅನ್ನು ಅವರು ನಿಷೇಧಿಸಿದರು. ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಅಡಿಯ ತೇವವನ್ನು ಮುಚ್ಚಿಟ್ಟವನನ್ನು ಗದರಿದರು. ಫೈನಾನ್ಸ್ ಹರಾಜಿನಲ್ಲಿ ಗಾಡಿ ಹೋಗುವುದು ಸಾಮಾನ್ಯವಾಗಿ 'ಇದ್ದಲ್ಲಿ, ಇದ್ದಂತೆ'. ಆದ್ದರಿಂದ ರಾಶಿಯೊಳಗೆ ಕೈಯಿಡುವ ಕೆಲಸ ನಮ್ಮದೇ. ನಮ್ಮ ಪರಿಚಯದ ಮೆಕ್ಯಾನಿಕ್ ಎಂಜಿನ್ ಚೆನ್ನಾಗಿದೆ ಎಂದರು. ತೇವವಿದ್ದದ್ದು ಕಾಗದದಲ್ಲಿ.

ಆರ್‌ಸಿ ಇನ್ನೂ ಮೊದಲಿನ ಮಾಲಿಕರ ಹೆಸರಿನಲ್ಲೇ ಇತ್ತು, ಫೈನಾನ್ಸಿನ ಸಾಲದ ನಮೂದೂ ಅಳಿಸಿರಲಿಲ್ಲ. ಗಾಡಿ ಕಳಕೊಂಡವರು ವರ್ಗಾವಣೆಯ 29 ಮತ್ತು 30ನೇ ನಮೂನೆಗೆ ಸಹಿ ಹಾಕಲು ಬರುತ್ತಾರೆಯೇ? ಅದಕ್ಕಾಗಿಯೇ 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಲ್ಲಿ ದಾರಿಯಿದೆ. ಫೈನಾನ್ಸ್‌ನವರು 36ನೇ ನಮೂನೆಯಲ್ಲಿ ಅರ್ಜಿ ಹಾಕಿ ತಮ್ಮ ಹೆಸರಿಗೆ ಹೊಸ ಆರ್‌ಸಿ ಪಡೆದು, ಆಮೇಲೆ ಕೊಂಡವರ ಹೆಸರಿಗೆ ಕೊಡಬಹುದು. ಸರಕಾರವೇ ನಡೆಸುವ ಹರಾಜಾದರೆ 32ನೇ ನಮೂನೆ, 30 ದಿನದೊಳಗೆ. ಇವೆರಡನ್ನು ಬೆರೆಸಿ ಹೇಳುವ ದಲ್ಲಾಳಿಗಳಿದ್ದಾರೆ. 2023ರ ಏಪ್ರಿಲ್ 1ರಿಂದ ಹಳೆ ಗಾಡಿಯ ಡೀಲರ್‌ಗಳಿಗೆ ಆರ್‌ಟಿಒ ಅಧಿಕಾರ ಪತ್ರದ ನಿಯಮವೂ ಬಂದಿದೆ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚವೇಕೆ?

"ಹೆಸರು ಆಮೇಲೆ ಮಾಡಿಸಿದರಾಯಿತು, ಗಾಡಿ ಓಡಿಸಿಕೊಳ್ಳಿ" ಎಂದರಂತೆ ಡೀಲರ್. ಗಾಡಿ ಎಷ್ಟೇ ಕೈ ಬದಲಾದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿದ್ದವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ನಮ್ಮ ಭಾವ ಯಾರಿಗಾದರೂ ಢಿಕ್ಕಿ ಹೊಡೆದರೆ, ಗಾಡಿ ಕಳಕೊಂಡ ಆ ಬಡವರ ಮನೆಗೇ ನೋಟೀಸು! ಇತ್ತ ನಮ್ಮ ಗಾಡಿ ಜಖಂ ಆದರೆ ವಿಮೆಯ ಹಣ ಕೇಳಲು ನಮಗೂ ಹೆಸರಿಲ್ಲ.

ಗಾಡಿಯ ಹಿಂದೆ ಮಗುವಿನ ಹೆಸರೊಂದು ಬರೆದಿತ್ತು. ತಂಗಿ ಅದನ್ನು ನೋಡಿ ಮಂಕಾದಳು. "ಅವರ ದುವಾ ನಮಗ ತಟ್ಟೂದಿಲ್ಲೇನು ಆಪಾ?" ಕೊಳ್ಳುವುದು ಪಾಪವಲ್ಲ ಎಂದೆ. ಆದರೂ ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸೂರಃ ಅಲ್ ಬಕರದ 280ನೇ ವಚನ ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಲು ಹೇಳುತ್ತದೆ. ಎರಡೇ ವಚನಗಳ ನಂತರ, ವ್ಯವಹಾರವನ್ನು ಬರೆದಿಡಲು ಹೇಳುವ ಕುರ್‌ಆನಿನ ಅತಿ ದೀರ್ಘ ವಚನ.

ಕೊನೆಗೆ ಭಾವ ಐದು ಸಾವಿರ ಮುಂಗಡ ಕೊಟ್ಟು, ಫೈನಾನ್ಸ್‌ನವರ ಹೆಸರಿನ ಆರ್‌ಸಿ ಬಂದ ಮೇಲೆಯೇ ಉಳಿದ ಹಣವೆಂದು ಬರೆಸಿ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿದರು. ಹತ್ತು ಸಾವಿರದ ರಿಯಾಯಿತಿ ಹೋಯಿತು. ಆರ್‌ಸಿ ಇನ್ನೂ ಬಂದಿಲ್ಲ. ಪಾಟ್ಲಿ ತಂಗಿಯ ಕೈಯಲ್ಲೇ ಇವೆ.