ಒಂದು ಗಜದ ಮಾತು

ಹಲಸಂಗಿ ಎಂಬ ಹೆಸರನ್ನು ಕೇಳಿದೊಡನೆ ಸಾಹಿತ್ಯಾಭಿಮಾನಿಗಳ ಮನಸ್ಸಿಗೆ ಮೊದಲು ಬರುವವರು ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು. ಹಳ್ಳಿಯ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂಬ ಪುಸ್ತಕವನ್ನು ನಾಡಿಗೆ ಕೊಟ್ಟವರು ಈ ಗೆಳೆಯರೇ. ನಾನು ಆ ಊರಿನವನೆಂದು ತಿಳಿದವರು ಅಲ್ಲಿ ಈಗಲೂ ಬೀಸುವ ಹಾಡು ಬಲ್ಲ ಮುದುಕಿಯರು ಇದ್ದಾರೆಯೆ ಎಂದು ವಿಚಾರಿಸುವುದುಂಟು. ಗಾಲ್ಫ್ ಆಟದ ಸಲಕರಣೆಯನ್ನು ಕುರಿತು ಹಲಸಂಗಿಯವನೊಬ್ಬನ ಸಲಹೆಯನ್ನು ಮಾತ್ರ ಇದುವರೆಗೆ ಯಾರೂ ಕೇಳಿದ್ದಿಲ್ಲ. ಆ ಗೌರವವು ಎರಡು ವರ್ಷಗಳ ಹಿಂದೆ ನನ್ನ ಅಕ್ಕನಿಂದ ನನಗೆ ಲಭಿಸಿತು.

ಅಕ್ಕ ಬೆಂಗಳೂರಿನಲ್ಲಿದ್ದಾಳೆ. ದಿನಾಲು ನಡೆಯಬೇಕೆಂದು ವೈದ್ಯರು ಭಾವನವರಿಗೆ ಹೇಳಿದರು. ಸುಮ್ಮನೆ ನಡೆಯುವುದು ಬೇಸರವೆಂದು ಅವರು ಗಾಲ್ಫ್ ಹಿಡಿದರು. ನಡಿಗೆಗೆ ಖರ್ಚಿಲ್ಲ, ಗಾಲ್ಫಿಗೆ ಖರ್ಚಲ್ಲದೆ ಬೇರೇನೂ ಇಲ್ಲ ಎಂಬುದು ಅಕ್ಕನ ಅಭಿಪ್ರಾಯ. ಒಂದು ಸಂಜೆ ಅವಳಿಂದ ಫೋನು ಬಂದಿತು.

“ತಮ್ಮಾ, ನಿಮ್ಮ ಭಾವ ದೂರ ಅಳಿಯೋ ದುರ್ಬೀನಿಗೆ ಅರ್ಧ ಲಕ್ಷ ಕೊಡಾಕ ಹೊಂಟಾರ. ನೀ ನಾಕು ಅಕ್ಷರ ಕಲತಾವ. ಅದರಾಗ ಅಗ್ಗದ್ದು, ಬಾಳಿಕಿ ಬರೂದು ಯಾವುದೈತಿ ನೋಡಿ ತರಸು.”

ಕನ್ನಡದ ಎಂ.ಎ. ಪದವಿಗೂ ಲೇಸರ್ ಕಿರಣಕ್ಕೂ ಸಂಬಂಧವಿಲ್ಲವೆಂದು ಅಕ್ಕನಿಗೆ ತಿಳಿಸಿ ಹೇಳುವುದು ನನ್ನಿಂದಾಗುವ ಕೆಲಸವಲ್ಲ. ಆದುದರಿಂದ ಕಲಿಯತೊಡಗಿದೆ.

ಗಾಲ್ಫ್ ಆಡದವರಿಗಾಗಿ ಎರಡು ಮಾತು. ನೂರಾರು ಗಜ ದೂರದ ಒಂದು ಕುಳಿಗೆ ಚೆಂಡನ್ನು ಆದಷ್ಟು ಕಡಿಮೆ ಹೊಡೆತಗಳಲ್ಲಿ ಮುಟ್ಟಿಸುವುದೇ ಆ ಆಟ. ಕುಳಿಯಲ್ಲಿ ಬಾವುಟದ ಕೋಲೊಂದು ನೆಟ್ಟಿರುತ್ತದೆ. ಆಟಗಾರನ ಚೀಲದಲ್ಲಿ ಹದಿನಾಲ್ಕರವರೆಗೆ ದಾಂಡುಗಳಿರಬಹುದು. ಒಂದೊಂದು ದಾಂಡೂ ಚೆಂಡನ್ನು ಒಂದೊಂದು ದೂರಕ್ಕೆ ಕಳಿಸುತ್ತದೆ. ಬಾವುಟ ಎಷ್ಟು ಗಜ ದೂರವಿದೆ ಎಂಬುದು ತಿಳಿಯದೆ ಯಾವ ದಾಂಡನ್ನು ಎತ್ತಿಕೊಳ್ಳಬೇಕೆಂಬುದು ತಿಳಿಯದು. ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದುದು 1876ರಲ್ಲಿ. ಅಂದಿನಿಂದ ಬಹುಕಾಲ ಈ ದೂರವನ್ನು ಹೇಳುತ್ತಿದ್ದುದು ಮೈದಾನದ ಗುರುತುಗಳು, ಆಟಗಾರನ ಹೆಜ್ಜೆಯೆಣಿಕೆ ಮತ್ತು ಚೀಲ ಹೊರುವ ಕ್ಯಾಡಿಯ ಕಣ್ಣು. ಆ ಕಣ್ಣನ್ನು ಹಗುರವಾಗಿ ಎಣಿಸಬಾರದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿದಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನ ಪಡೆದಾಗ ಆಕೆಯ ಚೀಲವನ್ನು ಹೊತ್ತು ಜೊತೆಗೆ ನಡೆದವರು ಆಕೆಯ ತಾಯಿ.

ಅಂತಹ ಕಣ್ಣಾಗಲಿ ತಾಯಾಗಲಿ ಜೊತೆಗಿಲ್ಲದವರಿಗೆ ಈ ಯಂತ್ರ. ಅದರ ಮರ್ಮವನ್ನು ನನಗೆ ತಿಳಿಸಿಕೊಟ್ಟುದು ನಮ್ಮ ವಿಜಯಪುರದ ಗೋಲಗುಮ್ಮಟ. ಮೇಲಿನ ಪಿಸುಗುಟ್ಟುವ ಪಡಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಆ ಸದ್ದು ಎದುರಿನ ಗೋಡೆಗೆ ತಾಗಿ ಹಿಂದಿರುಗುತ್ತದೆಯಷ್ಟೆ. ಗುಮ್ಮಟದ ಒಳವ್ಯಾಸ ಸುಮಾರು 124 ಅಡಿ. ಸದ್ದು ಹೋಗಿ ಬರುವುದಕ್ಕೆ ಹಿಡಿದ ಕಾಲವನ್ನು ಅಳೆದರೆ, ಗೋಡೆಯನ್ನು ಮುಟ್ಟದೆಯೇ ಅದರ ದೂರವನ್ನು ಹೇಳಬಹುದು. ಯಂತ್ರವೂ ಹೀಗೆಯೇ ಚಪ್ಪಾಳೆ ತಟ್ಟುತ್ತದೆ. ಸದ್ದಿನ ಬದಲು ಕಣ್ಣಿಗೆ ಕಾಣದ ಬೆಳಕಿನ ಚಪ್ಪಾಳೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರು. ನೂರೈವತ್ತು ಗಜ ದೂರದ ಬಾವುಟಕ್ಕೆ ಹೋಗಿ ಬರಲು ಅದಕ್ಕೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲೂ ಪೂರ್ತಿಯಾಗಿ ಬೇಕಿಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿದವರು ಅಲ್ಲಿರಿಸಿ ಬಂದ ಕನ್ನಡಿಗಳಿಗೆ ಭೂಮಿಯಿಂದ ಲೇಸರ್ ಕಿರಣವನ್ನು ಬಿಟ್ಟು, ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರಿನಂತೆ ನಮ್ಮಿಂದ ದೂರ ಸರಿಯುತ್ತಿರುವನೆಂದು ವಿಜ್ಞಾನಿಗಳು ಕಂಡುಕೊಂಡುದೂ ಇದೇ ಉಪಾಯದಿಂದ.

ಬೆಲೆಯ ಗುಟ್ಟು ಇಲ್ಲಿಯೇ ಇದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ಅವುಗಳಲ್ಲಿ ಆರು ಪಾಲಿನಷ್ಟು ಕಾಲವನ್ನು ಯಂತ್ರದೊಳಗಿನ ಗಡಿಯಾರವು ತಪ್ಪಿದರೆ ಅಳತೆಯಲ್ಲಿ ಒಂದು ಗಜ ವ್ಯತ್ಯಾಸವಾಗುತ್ತದೆ. ಅಗ್ಗದ ಯಂತ್ರಗಳ ಪೆಟ್ಟಿಗೆಯ ಮೇಲೆ ‘ಹೆಚ್ಚು ಕಡಿಮೆ ಒಂದು ಗಜ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಈ ಸಣ್ಣ ಅಕ್ಷರದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಒಂದು ತಿಂಗಳ ವ್ಯಾಸಂಗದಿಂದ ನನಗೆ ತಿಳಿದುಬಂದುದು ಇಷ್ಟು. ಸಾವಿರ ಗಜದವರೆಗೆ ಅಳೆಯುತ್ತದೆಂಬ ಹೊಗಳಿಕೆಗೆ ಮರುಳಾಗಬೇಕಿಲ್ಲ. ಆ ದೂರ ಸಾಧ್ಯವಾಗುವುದು ಬೆಳಕನ್ನು ಚೆನ್ನಾಗಿ ಹಿಂದಿರುಗಿಸುವ ದೊಡ್ಡ ವಸ್ತುಗಳಿಗೆ. ತೆಳ್ಳನೆಯ ಬಾವುಟದ ಕೋಲು ಸಿಕ್ಕುವುದು ಅದರ ಕಾಲುಭಾಗದ ದೂರದಲ್ಲಿ ಎಂದರೂ ಆಟಕ್ಕೆ ಸಾಕು. ವಸ್ತುವನ್ನು ಆರು ಪಟ್ಟು ಹತ್ತಿರ ತೋರಿಸುವ ಗಾಜಿರಲಿ. ಅದಕ್ಕಿಂತ ಹೆಚ್ಚಾದರೆ ಕೈಯ ನಡುಕವೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಬಾವುಟದ ಹಿಂದೆ ಮರಗಳಿದ್ದರೆ ಕಿರಣವು ಕೋಲನ್ನು ಬಿಟ್ಟು ಮರಕ್ಕೆ ತಾಗಿ ದೂರವನ್ನು ಹೆಚ್ಚಾಗಿ ಹೇಳೀತು. ಇದನ್ನು ತಪ್ಪಿಸಲು, ಬಂದ ಮರುಬೆಳಕುಗಳಲ್ಲಿ ಎಲ್ಲಕ್ಕಿಂತ ಹತ್ತಿರದ್ದನ್ನೇ ಆಯ್ದುಕೊಂಡು, ಕೈಯಲ್ಲಿ ಸಣ್ಣಗೆ ನಡುಗಿ ‘ಸಿಕ್ಕಿತು’ ಎಂದು ತಿಳಿಸುವ ಏರ್ಪಾಡು ಒಳ್ಳೆಯ ಯಂತ್ರಗಳಲ್ಲಿ ಇರುತ್ತದೆ. ಹಣ ಕೊಡಬೇಕಾದುದು ಇದಕ್ಕೆ.

ಏರು ತಗ್ಗುಗಳ ಲೆಕ್ಕ ಹಾಕಿ ಹೇಳುವ ಸೌಕರ್ಯ ಇನ್ನೊಂದು. ಅಭ್ಯಾಸಕ್ಕೆ ಅದು ಒಳ್ಳೆಯದೇ. ಆದರೆ 2019ರಲ್ಲಿ ಜಾರಿಗೆ ಬಂದ ಗಾಲ್ಫ್ ನಿಯಮಗಳು ದೂರ ಅಳೆಯುವುದಕ್ಕೆ ಒಪ್ಪುತ್ತವೆಯೇ ಹೊರತು, ನಿಯಮಬದ್ಧ ಆಟದಲ್ಲಿ ಏರಿಳಿತವನ್ನು ಅಳೆಯುವುದಕ್ಕೆ ಒಪ್ಪುವುದಿಲ್ಲ. ಆದುದರಿಂದ ಆ ಸೌಕರ್ಯವನ್ನು ಮುಚ್ಚಿಡುವ ಗುಂಡಿ ಇರಬೇಕು. ಅದು ಹೊರಗಿನಿಂದ ಇತರರಿಗೆ ಕಾಣುವಂತಿದ್ದರೆ ಇನ್ನೂ ಮೇಲು. ಮಳೆಯ ಹನಿ ತಡೆಯಬೇಕು. ಬ್ಯಾಟರಿ ಅಂಗಡಿಯಲ್ಲಿ ಸಿಕ್ಕುವಂಥದಾಗಿರಬೇಕು. ಹಿಡಿಸದಿದ್ದರೆ ಹಿಂದಿರುಗಿಸುವ ಅವಕಾಶವಿರಬೇಕು. ಇನ್ನೂ ಒಂದು ಮಾತು: ಬಾವುಟದವರೆಗೆ ಅಲ್ಲದಿದ್ದರೂ ಕುಳಿಯ ಸುತ್ತಣ ಹಸಿರಿನ ನಡುವಿನವರೆಗಿನ ದೂರವನ್ನು ಜೇಬಿನ ಫೋನೇ ಹೇಳಬಲ್ಲುದು. ಹೊಸದಾಗಿ ಆಡತೊಡಗಿದವರಿಗೆ ಮೊದಲ ವರ್ಷ ಅಷ್ಟು ಸಾಕಾದೀತು.

ಕೊನೆಗೆ ಹತ್ತು ಸಾವಿರದ ಆಸುಪಾಸಿನ ಯಂತ್ರವೊಂದನ್ನು ನನ್ನ ವಿಳಾಸಕ್ಕೇ ತರಿಸಿದೆ. ನಮ್ಮ ಕಾಲೇಜಿನ ಮೈದಾನದಲ್ಲಿ ನೂರು ಮೀಟರ್ ಓಟದ ಗೆರೆಯುಂಟು. ಗಜದಲ್ಲಿ ಅದು ನೂರೊಂಬತ್ತಕ್ಕೆ ತುಸು ಹೆಚ್ಚು. ಯಂತ್ರವು ಒಮ್ಮೆ 109 ಎಂದಿತು, ಇನ್ನೊಮ್ಮೆ 110 ಎಂದಿತು. ಅಕ್ಕನಿಗೆ ಸುಮಾರು ನಲವತ್ತು ಸಾವಿರ ಉಳಿಸಿಕೊಟ್ಟ ಹೆಮ್ಮೆಯಿಂದ ಅದನ್ನು ಚೀಲದಲ್ಲಿಟ್ಟುಕೊಂಡು ದೀಪಾವಳಿಗೆ ಹಲಸಂಗಿಗೆ ಹೊರಟೆ. ಅಕ್ಕ ಭಾವ ಹಬ್ಬಕ್ಕೆ ಅಲ್ಲಿಗೇ ಬರುವವರಿದ್ದರು.

ಅವರಿಗಿಂತ ಒಂದು ದಿನ ಮೊದಲು ನಾನು ತಲುಪಿದುದೇ ತಪ್ಪಾಯಿತು.

ನಮ್ಮ ಕಾಕಾನ ಹೊಲಕ್ಕೂ, ಅದಕ್ಕೆ ಹೊಂದಿದ ದೊಡ್ಡಪ್ಪನ ಹೊಲಕ್ಕೂ ನಡುವೆ ಒಂದು ಒಡ್ಡು ಇದೆ. ದೊಡ್ಡಪ್ಪನೆಂದರೆ ನಮ್ಮ ಅಜ್ಜನ ಅಣ್ಣನ ಮಗ. ಆ ಒಡ್ಡು ತನ್ನ ಕಡೆಗೆ ಸರಿದು ಬಂದಿದೆಯೆಂದು ಕಾಕಾ, ಇಲ್ಲವೆಂದು ದೊಡ್ಡಪ್ಪ. ಇದರಿಂದಾಗಿ ಇಬ್ಬರೂ ನಾಲ್ಕು ವರ್ಷಗಳಿಂದ ಮಾತು ಬಿಟ್ಟಿದ್ದರು. ಮನೆಯ ಹೆಂಗಸರು ಮಾತ್ರ ಹಿತ್ತಲ ಬಾಗಿಲಲ್ಲಿ ಹೋಳಿಗೆ ಬದಲಾಯಿಸಿಕೊಳ್ಳುತ್ತಿದ್ದರು. ಬಾಂದಗಲ್ಲೊಂದು ಎರೆಮಣ್ಣಿನಲ್ಲಿ ಹೂತು ಕಾಣದಂತಾಗಿತ್ತು. ಉಳಿದುದು ಪಡುವಣ ಅಂಚಿನ ಒಂದೇ ಕಲ್ಲು.

ಯಂತ್ರವನ್ನು ಕೈಯಲ್ಲಿ ತಿರುವಿ ನೋಡಿದ ಕಾಕಾ ಕೇಳಿದ, “ಇದು ದೂರ ಅಳೀತೈತಿ ಅಂದಿ. ಹೊಲಾನೂ ಅಳೀತೈತೇನು ತಮ್ಮಾ?”

“ಯಾಕ ಅಳ್ಯೂದಿಲ್ಲ ಕಾಕಾ?” ಎಂದುಬಿಟ್ಟೆ.

ಹಳೆಯ ಮೋಜಣಿಯ ಸರಪಳಿ 33 ಅಡಿ, ಎಂದರೆ ಹನ್ನೊಂದು ಗಜ. ಆ ಸರಪಳಿಯನ್ನು ಹದಿನಾರು ಆಣೆಗಳಾಗಿ ಭಾಗಿಸುತ್ತಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. ಕಾಕಾನ ಹೊಲದ ಅಗಲ ಆ ಅಂಚಿನಲ್ಲಿ ಒಂಬತ್ತು ಸರಪಳಿ ಎಂದು ಮನೆಯ ಕಾಗದದಲ್ಲಿತ್ತು. ಅಂದರೆ ತೊಂಬತ್ತೊಂಬತ್ತು ಗಜ. ಕಾಕಾನ ಮೊಮ್ಮಗನು ಕೋಲಿಗೆ ಬಿಳಿಯ ಟವೆಲ್ಲು ಕಟ್ಟಿ ಒಡ್ಡಿನ ಮೇಲೆ ನಿಂತ. ನಾನು ಕಲ್ಲಿನ ಬಳಿ ನಿಂತು, ತೊಗರಿಯ ತಲೆಯ ಮೇಲಿಂದ ಗುರಿಯಿಟ್ಟು ಗುಂಡಿ ಒತ್ತಿದೆ. ಯಂತ್ರವು ಕೈಯಲ್ಲಿ ನಡುಗಿತು. ಅಂಕಿ 97.

ಎರಡು ಗಜ! ಕಾಕಾನ ಮುಖ ಕೆಂಪಾಯಿತು. ನಾಲ್ಕು ವರ್ಷಗಳ ಸಂಶಯಕ್ಕೆ ಯಂತ್ರವೊಂದು ಸಾಕ್ಷಿ ನುಡಿದಂತಾಯಿತು. ಅದರ ಪರವಾಗಿ ನುಡಿದವನು ಕಾಲೇಜಿನಲ್ಲಿ ಪಾಠ ಹೇಳುವ ಮಗ. “ನಾ ಹೇಳಿದ್ದಿಲ್ಲೇನು?” ಎನ್ನುತ್ತ ಆತ ದೊಡ್ಡಪ್ಪನ ಮನೆಯ ಕಡೆಗೆ ಹೆಜ್ಜೆ ಹಾಕಿಯೇಬಿಟ್ಟ.

ಆಗ ನನಗೆ ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ನೆನಪಾಯಿತು. ಕಾಕಾನನ್ನು ಕೂಗಿ ನಿಲ್ಲಿಸಿ ಮತ್ತೆ ಅಳೆದೆ. 100 ಬಂತು. ಮತ್ತೊಮ್ಮೆ ಅಳೆದೆ, 98. ನಾಲ್ಕನೆಯ ಸಲ ಪುನಃ 97. ಗಾಳಿಗೆ ತೊಗರಿಯ ತುದಿಗಳು ಓಲಾಡುತ್ತಿದ್ದುದನ್ನು ಆಗ ಗಮನಿಸಿದೆ. ಬಾವುಟದ ಹಿಂದಿನ ಮರಕ್ಕೆ ಮೋಸಹೋಗದಿರಲೆಂದು ಹತ್ತಿರದ್ದನ್ನೇ ಆಯ್ದುಕೊಳ್ಳುವ ಯಂತ್ರ, ಟವೆಲ್ಲನ್ನು ಬಿಟ್ಟು ಅದರ ಮುಂದಿನ ತೊಗರಿಯನ್ನು ಆಯ್ದುಕೊಂಡಿತ್ತು. ಯಾವ ಗುಣಕ್ಕೆಂದು ನಾನು ಹಣ ಕೊಟ್ಟೆನೋ ಆ ಗುಣವೇ ಇಲ್ಲಿ ಸುಳ್ಳು ಹೇಳಿಸಿತು.

ಇದನ್ನೆಲ್ಲ ಕಾಕಾನಿಗೆ ವಿವರಿಸಿದೆ. ಆತ ಬಹಳ ಹೊತ್ತು ಸುಮ್ಮನಿದ್ದು, “ಮೊದಲ ಯಾಕ ಹೇಳಲಿಲ್ಲ?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮೊದಲೇ ಹೇಳಿದ್ದರೆ ನನ್ನ ಯಂತ್ರದ ಹೆಚ್ಚಳ ಕಡಿಮೆಯಾಗುತ್ತಿತ್ತು ಎಂಬುದೇ ನಿಜವಾದ ಉತ್ತರ.

ಮರುದಿನ ಭಾವನವರು ಬಂದು ವಿಷಯ ತಿಳಿದು ನಕ್ಕರು. “ನನ್ನ ಚೆಂಡು ಬಾವುಟದಿಂದ ಇಪ್ಪತ್ತು ಗಜ ಆಚೆ ಬೀಳುತ್ತದಪ್ಪ. ಅದರಲ್ಲಿ ಯಂತ್ರದ ಪಾಲು ಒಂದೇ ಗಜವಾದರೆ ಅದಕ್ಕೆ ನಾನು ನಮಸ್ಕಾರ ಮಾಡಬೇಕು” ಎಂದರು. ಆ ಮಾತಿನಲ್ಲಿ ನಾನು ತಿಂಗಳೆಲ್ಲ ಓದಿ ಕಾಣದ ವಿವೇಕವಿತ್ತು. ನನಗೆ ಎಷ್ಟು ತಪ್ಪು ತಡೆದೀತು ಎಂದು ಮೊದಲು ಕೇಳಿಕೊಳ್ಳಬೇಕು. ಬೆಲೆಯನ್ನು ಆಮೇಲೆ ಕೇಳಬೇಕು. ಗಾಲ್ಫ್ ಮೈದಾನದಲ್ಲಿ ಒಂದು ಗಜ ಏನೂ ಅಲ್ಲ. ಆದುದರಿಂದ ಅಲ್ಲಿ ಹತ್ತು ಸಾವಿರದ ಯಂತ್ರವೇ ಸಾಕು, ಅರ್ಧ ಲಕ್ಷದ್ದು ಬೇಡ. ಹೊಲದ ಒಡ್ಡಿನಲ್ಲಿ ಒಂದು ಗಜವೆಂದರೆ ಎರಡು ಮನೆತನ. ಅಲ್ಲಿ ಅದೇ ಯಂತ್ರ ಬಿಟ್ಟಿಯಾಗಿ ಸಿಕ್ಕರೂ ದುಬಾರಿ.

ಕಾಕಾ ಸರಕಾರಿ ಹದ್ದುಬಸ್ತಿಗೆ ಅರ್ಜಿ ಹಾಕಿದ. ಬೇಸಗೆಯಲ್ಲಿ, ಹೊಲ ಬರಿದಾಗಿದ್ದಾಗ, ಭೂಮಾಪಕರು ಹಳೆಯ ಟಿಪ್ಪಣಿಯೊಡನೆ ಬಂದರು. ಅವರು ತೋರಿಸಿದ ಕಡೆ ಅಗೆದಾಗ ಮೊಣಕಾಲುದ್ದದ ಆಳದಲ್ಲಿ ಬಾಂದಗಲ್ಲು ಸಿಕ್ಕಿತು. ಒಡ್ಡು ಇರಬೇಕಾದ ಜಾಗದಿಂದ ಒಂದು ಮೊಳ ಸರಿದಿದ್ದುದು ನಿಜ. ಆದರೆ ಸರಿದಿದ್ದುದು ದೊಡ್ಡಪ್ಪನ ಕಡೆಗೆ. ವರ್ಷ ವರ್ಷವೂ ನೇಗಿಲು ತಿರುವುವಾಗ ನೆಲವನ್ನು ತಿಳಿಯದೆ ಒಳಗೆ ಹಾಕಿಕೊಂಡವನು ಕಾಕಾನೇ.

ನನ್ನ ಮೊದಲ ಅಂಕಿಯನ್ನೇ ನಂಬಿ ಕಾಕಾ ಅಂದು ದೊಡ್ಡಪ್ಪನ ಬಾಗಿಲಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಕಾಕಾ ಯಾರಿಗೂ ಏನೂ ಹೇಳದೆ ಮಳೆಗಾಲಕ್ಕೆ ಮುಂಚೆ ಒಡ್ಡನ್ನು ಕಿತ್ತು ಕಲ್ಲಿನ ನೇರಕ್ಕೆ ಹಾಕಿಸಿದ. ಕಳೆದ ಎಳ್ಳಮಾವಾಸ್ಯೆಯಂದು ಎರಡೂ ಮನೆಯವರು ಒಂದೇ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿದರು. ದೊಡ್ಡಪ್ಪ ಹೆಚ್ಚು ಮಾತಾಡಲಿಲ್ಲ. ಶೇಂಗಾ ಹೋಳಿಗೆಯನ್ನು ನನ್ನ ಎಲೆಗೆ ಹಾಕುತ್ತ ಇಷ್ಟೇ ಕೇಳಿದ: “ನಿಮ್ಮ ಭಾವನ ದುರ್ಬೀನು ಹೆಂಗ ನಡದೈತೊ?”

“ಚಲೋ ನಡದೈತಿ ದೊಡ್ಡಪ್ಪಾ” ಎಂದೆ. “ಗಾಲ್ಫಿಗೆ.”